ಮಂಗಳವಾರ, ಕತ್ತರಿಗೆ ರಜ

ಮುನೀರನ ಗ್ಯಾರೇಜಿನ ಸುಟ್ಟ ಆಯಿಲ್ ತಟ್ಟೆಗೆ
ಬಿದ್ದೆದ್ದು ಬಂದಳು ಶಾವಿಗೆ, ಬೆಳಿಗ್ಗೆ ಏಳಕ್ಕೆ.
ಬೆನ್ನಿನ ಬಿಳಿ ಎಳೆಗಳೆಲ್ಲ ಅಳಿಸಿಹೋಗಿ
ಅರ್ಧ ಎತ್ತಿದ ಶಟರಿನಡಿ ನುಸುಳಿ
ಗಿರಾಕಿಗಳ ಕುರ್ಚಿಗೇ ಹತ್ತಿ ಕೂತಳು,
ಸರದಿ ತನ್ನದೇ ಎಂಬಂತೆ.

ನೆಕ್ಕಲು ನಾಲಿಗೆ ತೆಗೆದಳು. ಬೇಡ ಎಂದೆ.
ಬೇಡ ಎಂದರೆ ಕೇಳುವ ಜಾತಿಯೇ ಅದು?
ಕಟಿಂಗಿಗೆ ಹೊದಿಸುವ ಬಟ್ಟೆಯಲ್ಲಿ ಸುತ್ತಿ
ಕೊರಳಿಗೆ ಗಂಟು ಬಿಗಿದೆ.

ಮೂವತ್ತೊಂದು ವರ್ಷ ಸಾಲಗಾಮೆ ರಸ್ತೆಯಲ್ಲಿ
ಹಾಸನದ ತಲೆ ತೊಳೆದವನು ನಾನು.
ಬೆರಳಿಟ್ಟರೆ ಹೇಳುತ್ತೇನೆ
ಯಾವ ಬಡಾವಣೆಯ ಬೋರ್‌ವೆಲ್ಲು ಗಡಸು,
ಯಾರ ಮನೆಯಲ್ಲಿ ಸೀಗೆಪುಡಿ ಮುಗಿದು
ಬಟ್ಟೆ ಸೋಪಿಗೆ ಇಳಿದಿದ್ದಾರೆ.
ಕಪಾಟು ನೋಡಿ: ಹೊಟ್ಟಿಗೆ ಹಸಿರು ಬಾಟಲಿ,
ಉದುರುವುದಕ್ಕೆ ಈರುಳ್ಳಿಯದು,
ಬೋಳಾದವರಿಗೂ ಒಂದಿದೆ, ಸಮಾಧಾನಕ್ಕೆ.
ಒಂದೊಂದೇ ಬಿರಡೆ ಬಿಚ್ಚಿ ಮೂಗಿಗೆ ಹಿಡಿದೆ.
ಈರುಳ್ಳಿಗೆ ಕಿವಿ ಹಿಂದಕ್ಕೆ ಮಡಚಿದಳು,
ನಿಂಬೆಗೆ ಸೀನಿದಳು,
ಮಲ್ಲಿಗೆಗೆ ಸುಮ್ಮನೆ ನನ್ನನ್ನೇ ನೋಡಿದಳು.
ನಿನ್ನನ್ನು ಒಳ್ಳೆಯವನು ಅಂದುಕೊಂಡಿದ್ದೆ, ಎಂಬ ನೋಟ.

ದನದ ಆಸ್ಪತ್ರೆಗೆ ಫೋನ್ ಮಾಡಿದೆ.
ಡಾಕ್ಟರಮ್ಮ ಹೇಮಾಕ್ಷಿ
ಯಾವುದೋ ಎಮ್ಮೆಯ ಮಗ್ಗುಲಿಂದ ಕೂಗಿದರು:
‘ಒಂದೇ ಲೆಕ್ಕ ಕಣ್ರೀ. ಮೈಗೆ ಹಚ್ಚಿದ್ದೆಲ್ಲ
ಸಂಜೆಯೊಳಗೆ ಅದರ ಹೊಟ್ಟೇಲಿರುತ್ತೆ.
ಊಟ ಅಂದ್ಕೊಂಡು ಆರಿಸಿ.’

ನನ್ನ ಗಿರಾಕಿಗಳು ಯಾರೂ
ತಮ್ಮ ತಲೆ ತಾವೇ ನೆಕ್ಕಿಕೊಂಡವರಲ್ಲ.
ಬಾಟಲಿಯ ಹಿಂದಿನ ಇರುವೆಸಾಲನ್ನು
ನಾನೂ ಎಂದೂ ಓದಿದವನಲ್ಲ.

ಹೊಸ ಬಸ್‌ಸ್ಟ್ಯಾಂಡ್ ಕಡೆಯ ಅಂಗಡಿ ಹುಡುಗ
ನಗುವ ನಾಯಿಯ ಚಿತ್ರದ ಡಬ್ಬಿ ಮುಂದಿಟ್ಟ.
‘ಚಿಗಟಾನೂ ಸಾಯುತ್ತೆ ಸಾರ್,
ನಾಯಿಗೂ ಬೆಕ್ಕಿಗೂ ಒಂದೇ.’
ಚಿಗಟದ ಜೊತೆ ಬೆಕ್ಕೂ ಸಾಯುತ್ತಂತೆ ಮಗಾ,
ಡಾಕ್ಟರಮ್ಮ ಅದನ್ನೂ ಕೂಗಿದ್ದರು.
ಕೊನೆಗೆ ಸಿಕ್ಕಿತು ಮೂಲೆಯಲ್ಲಿ ಧೂಳು ಹಿಡಿದ ಒಂದು:
ಬಣ್ಣವಿಲ್ಲ, ಪರಿಮಳವಿಲ್ಲ,
ರೇಷ್ಮೆಯಂಥ ಹೊಳಪಿನ ಮಾತಿಲ್ಲ.
ಬೆಲೆ ಮಾತ್ರ
ಎರಡು ಕಟಿಂಗು, ಒಂದು ಶೇವಿಂಗು.

ಮುನೀರ ವೆಲ್ಡಿಂಗ್ ಗ್ಲೌಸು ತೊಟ್ಟು ಬಂದ,
ತಪ್ಪು ಮಾಡಿದವನ ಮುಖದಲ್ಲಿ.
ತಟ್ಟೆಗೆ ಹಳೇ ಸ್ಕೂಟರಿನ ಡಿಕ್ಕಿ ಮುಚ್ಚಳ ಮುಚ್ಚಿದೆ, ಅಂದ.
ನಾನು ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ
ಕರಿಯನ್ನು ಕೂದಲಿಂದ ಬಿಡಿಸಿ,
ನೀರಿಗೆ ಮೊಣಕೈ ಅದ್ದಿ ನೋಡಿ,
ಬೆನ್ನು, ಹೊಟ್ಟೆ, ಬೆರಳ ಸಂದಿ,
ಎರಡು ಸಲ, ಮೂರು ಸಲ,
ನೀರು ಚಹಾದ ಬಣ್ಣಕ್ಕೆ, ಆಮೇಲೆ ನೀರಿನ ಬಣ್ಣಕ್ಕೆ ಬರುವವರೆಗೆ.
ನೊರೆ ಹೆಚ್ಚು ಬರಲಿಲ್ಲ. ಬೈಗುಳ ಬಂತು.
ಮುಖಕ್ಕೆ ಬರೀ ಒದ್ದೆ ಬಟ್ಟೆ.
ಮೀಸೆಯ ಹತ್ತಿರ ನನ್ನ ಕೈ ನಿಂತಿತು.
ಊರಿನ ಎಷ್ಟೋ ಮೀಸೆ ತಿದ್ದಿದ ಕೈ,
ಈ ಹನ್ನೆರಡು ಹದಿನಾಲ್ಕು ಕಡ್ಡಿಗೆ ಹೆದರಿತು.

ಒದ್ದೆ ಬೆಕ್ಕೆಂದರೆ ಇಷ್ಟೇ ಇಷ್ಟು:
ಎರಡು ಕಣ್ಣು, ಒಂದು ಬೆನ್ನುಮೂಳೆ,
ಮಿಕ್ಕಿದ್ದೆಲ್ಲ ಸಿಟ್ಟು.

ಸಂಜೆ ಬಿಸಿಲು ಕುರ್ಚಿಗೆ ಬಂದಾಗ
ನಾನು ತೊಳೆದದ್ದನ್ನೆಲ್ಲ ಅವಳು ಮತ್ತೆ ತೊಳೆದಳು,
ಕೂಲಿಯವನು ಬಿಟ್ಟುಹೋದ ಕೆಲಸವನ್ನು
ಯಜಮಾನಿ ಮುಗಿಸುವಂತೆ.
ಸುತ್ತ ಮೂರು ಕನ್ನಡಿ. ಒಂದನ್ನೂ ನೋಡಲಿಲ್ಲ.
ಆಮೇಲೆ ನನ್ನ ಕೈಗೆ ಬಂದಳು.
ಉಪ್ಪುಕಾಗದದಂಥ ನಾಲಿಗೆ, ಒಂದು ಸಲ.

ತಟ್ಟನೆ ಎಳೆದುಕೊಂಡೆ.
ನಿನ್ನೆ ಈ ಕೈಯಲ್ಲಿ ಮೂರು ಡೈ, ಒಂದು ಬ್ಲೀಚು,
ಸ್ನೋ, ಪಟಿಕ, ಪೌಡರು.
ಉಗುರ ಸಂದಿಯ ಕಪ್ಪು ನಿನ್ನೆಯದಲ್ಲ.

ಎದ್ದು ನಲ್ಲಿ ಬಿಟ್ಟು
ಬರೀ ನೀರಲ್ಲಿ ತಿಕ್ಕಿದೆ, ತುಂಬಾ ಹೊತ್ತು.
ಮೂಸಿದೆ. ಮತ್ತೆ ತಿಕ್ಕಿದೆ.
ಸ್ಟೂಲು ಎಳೆದುಕೊಂಡು ಪಕ್ಕ ಕೂತು
ಕೈ ಚಾಚಿದೆ.

ಬಾಲದ ತುದಿ ಇನ್ನೂ ಬಾಕಿ ಇತ್ತು ಅವಳಿಗೆ.
ಕಾದೆ.
ಮಂಗಳವಾರ ತಾನೆ.